ಟ್ಯಾಬಿತಾ ಅಜ್ಜಿಯ ಪರವಾಗಿ ಸಹಿ ಹಾಕಿದ ದಿನಗಳು

ಈ ಬರಹದಲ್ಲಿ ತಪ್ಪುಗಳಿರುತ್ತವೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಓದಿದ್ದು ಔಷಧ ವಿಜ್ಞಾನವನ್ನು, ಸಾಹಿತ್ಯವನ್ನಲ್ಲ. ಗದಗಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನಾದ್ದರಿಂದ ನನ್ನ ವಾಕ್ಯಗಳನ್ನು ತಿದ್ದುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಒಂದೊಂದು ವಾಕ್ಯವನ್ನೂ ನಾನೇ ಮೂರು ಸಲ ತಿದ್ದುವ ಅಭ್ಯಾಸ ಅಂಟಿಕೊಂಡಿದೆ. ಹಾಗೆ ತಿದ್ದಿಯೂ ಉಳಿದ ದೋಷಗಳನ್ನು, ಮರೆವಿನಿಂದ ಹಿಂದುಮುಂದಾದ ಸಂಗತಿಗಳನ್ನು ಓದುಗರು ಮನ್ನಿಸಬೇಕು.

ನಮ್ಮ ಕಡೆಯ ಕೆಲವು ಹುಡುಗಿಯರು ಈಚೆಗೆ ಆರೋಗ್ಯದ ವೆಬ್‌ಸೈಟುಗಳಲ್ಲಿ ಗ್ರಾಹಕರಿಗೆ ಉತ್ತರ ಬರೆಯುವ ಕೆಲಸಕ್ಕೆ ಸೇರಿದ್ದಾರೆ. "ಆಂಟಿ, ನೀವು ಡಾಟ್‌ಕಾಮ್ ಟೈಮಲ್ಲೇ ಇದೇ ಜಾಬ್ ಮಾಡಿದ್ರಂತೆ, ಹೇಗಿತ್ತು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿವರ ಇಲ್ಲಿಲ್ಲ. ಸಿಕ್ಕಿದ್ದು ಒಂದೇ, ಅದು ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದು.

ಕಂಪನಿ ಇದ್ದದ್ದು ಅಮೆರಿಕದ ಸಾಂಟಾ ಕ್ಲಾರಾದಲ್ಲಿ. ಹೆಸರು ಹೇಳುವುದಿಲ್ಲ, ಹೇಳಿದರೂ ಯಾರಿಗೂ ನೆನಪಿರಲಾರದು. ಅದು ಸಾಫ್ಟ್‌ವೇರ್ ಕಂಪನಿಯೆಂದು ಹೂಡಿಕೆದಾರರಿಗೆ ಹೇಳಿಕೊಳ್ಳುತ್ತಿತ್ತು, ಔಷಧಿ ಕಂಪನಿಯೆಂದು ಗ್ರಾಹಕರಿಗೆ ಹೇಳಿಕೊಳ್ಳುತ್ತಿತ್ತು, ಔಷಧಿ ಕಂಪನಿ ಅಲ್ಲವೇ ಅಲ್ಲವೆಂದು ಸರಕಾರಕ್ಕೆ ಹೇಳಿಕೊಳ್ಳುತ್ತಿತ್ತು. ಮಾರುತ್ತಿದ್ದದ್ದು ಮಾತ್ರ ಒಂದೇ ವಸ್ತು: ಮದರ್ ಟ್ಯಾಬಿತಾ ಟಾನಿಕ್.

ಇದು ಹೊಸ ವಸ್ತುವೇನಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಹೆಂಗಸರ ಕಾಯಿಲೆಗಳಿಗೆಂದು ಇಂಥ ಬಾಟಲಿಗಳು ಮನೆಮನೆಗೂ ಹೋಗುತ್ತಿದ್ದವು. ಮುಟ್ಟಿನ ನೋವು, ಬಿಳಿಸೆರಗು, ಗರ್ಭಕೋಶದ ಜಾರುವಿಕೆ, ಬಂಜೆತನ, ನಿದ್ರಾಹೀನತೆ, ಗಂಡನ ಮೇಲಿನ ಸಿಟ್ಟು, ಎಲ್ಲಕ್ಕೂ ಅದೇ ಎರಡು ಚಮಚ. ಒಳಗೆ ಏನಿದೆಯೆಂದು ಬರೆಯುವ ಕಾನೂನು ಆಗ ಇರಲಿಲ್ಲ. ಇದ್ದದ್ದು ಕೆಲವು ಬೇರುಗಳು ಮತ್ತು ಒಳ್ಳೆಯ ಪ್ರಮಾಣದಲ್ಲಿ ಮದ್ಯಸಾರ. ಮದ್ಯಪಾನದ ವಿರುದ್ಧ ಮೆರವಣಿಗೆ ಹೋಗುತ್ತಿದ್ದ ಮಹಿಳೆಯರೂ ಮನೆಗೆ ಬಂದು ಇದನ್ನು ಕುಡಿದು ಸುಖವಾಗಿ ಮಲಗುತ್ತಿದ್ದರಂತೆ. ಸತ್ತುಹೋಗಿದ್ದ ಇಂಥದ್ದೊಂದು ಟಾನಿಕ್ಕಿನ ಹೆಸರನ್ನೂ, ಚೀಟಿಯ ಮೇಲಿನ ಮುದುಕಿಯ ಚಿತ್ರವನ್ನೂ, ಪೂರ್ವ ರಾಜ್ಯವೊಂದರ ಅಟ್ಟದಲ್ಲಿದ್ದ ಹಳೆಯ ಕಾಗದಗಳ ಪೆಟ್ಟಿಗೆಗಳನ್ನೂ ನಮ್ಮ ಕಂಪನಿ ಕೊಂಡುಕೊಂಡಿತ್ತು. ಮದ್ಯಸಾರವನ್ನು ಕಡಿಮೆ ಮಾಡಿ, ಅದರ ಪ್ರಮಾಣವನ್ನು ಇರುವೆ ಗಾತ್ರದ ಅಕ್ಷರಗಳಲ್ಲಿ ಚೀಟಿಯ ಹಿಂಬದಿಗೆ ಹಾಕಿ, ಅಜ್ಜಿಯನ್ನು ಅಂತರ್ಜಾಲಕ್ಕೆ ಏರಿಸಿತ್ತು.

ನನ್ನನ್ನು ಸಂದರ್ಶಿಸಿದವರು ಟಾಡ್. ವಯಸ್ಸು ಇಪ್ಪತ್ತೇಳು, ಹುದ್ದೆ 'ವೈಸ್ ಪ್ರೆಸಿಡೆಂಟ್, ಟ್ರಸ್ಟ್'. ನಂಬಿಕೆಗೂ ಒಬ್ಬ ಉಪಾಧ್ಯಕ್ಷರು ಬೇಕಾಗುತ್ತಾರೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆ ಕಚೇರಿಯಲ್ಲಿ ಕುರ್ಚಿಗಳ ಬದಲು ಗಾಳಿ ತುಂಬಿದ ದೊಡ್ಡ ಚೆಂಡುಗಳಿದ್ದವು. ಗಾದಿ ಹೊಲಿಯುವವರ ಮಗಳಾದ ನನಗೆ ಹತ್ತಿಯಿಲ್ಲದೆ ಕೂರುವುದೇ ಒಂದು ಅಪಮಾನ. ಚೆಂಡಿನ ಮೇಲೆ ತೂಗಾಡುತ್ತ, ಸೆರಗು ಸರಿಪಡಿಸಿಕೊಳ್ಳುತ್ತ ಉತ್ತರ ಕೊಟ್ಟೆ. ಚೀಟಿಗಳನ್ನು ಪರಿಶೀಲಿಸುವ ಫಾರ್ಮಸಿಸ್ಟ್ ಹುದ್ದೆಗೆ ನಾನು ಅರ್ಜಿ ಹಾಕಿದ್ದೆ. ಟಾಡ್ ನನ್ನ ಬಿ.ಫಾರ್ಮಾ ಪ್ರಮಾಣಪತ್ರವನ್ನು ನೋಡಲೇ ಇಲ್ಲ. ಅರ್ಜಿಯ ಜೊತೆಗಿನ ಪತ್ರವನ್ನು ಎತ್ತಿ ಗಟ್ಟಿಯಾಗಿ ಓದಿದರು. ಗದಗಿನ ಹೈಸ್ಕೂಲಿನಲ್ಲಿ ಕಲಿತ ಪ್ರಕಾರ, ತಮ್ಮ ಸನ್ನಿಧಾನದಲ್ಲಿ ವಿನಯಪೂರ್ವಕ ಅರಿಕೆ ಮಾಡಿಕೊಳ್ಳುವುದೇನೆಂದರೆ ಎಂಬ ಧಾಟಿಯಲ್ಲಿ ನಾನು ಇಂಗ್ಲಿಷ್ ಬರೆಯುತ್ತಿದ್ದೆ.

"ಇದನ್ನು ನೀನೇ ಬರೆದೆಯಾ?" ಎಂದರು ಟಾಡ್.

ವ್ಯಾಕರಣ ತಪ್ಪಿತೇನೋ ಎಂದುಕೊಂಡೆ. "ಹೌದು ಸರ್. ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ."

"ದಯವಿಟ್ಟು ತಿದ್ದಬೇಡ. ನೂರು ವರ್ಷದ ಹಿಂದಿನ ಇಂಗ್ಲಿಷ್ ಬರೆಯುವವರನ್ನು ಮೂರು ತಿಂಗಳಿಂದ ಹುಡುಕುತ್ತಿದ್ದೇವೆ."

ಹೀಗೆ ನನ್ನ ಹಳೆಯ ಪಠ್ಯಪುಸ್ತಕದ ಇಂಗ್ಲಿಷಿಗೆ ಕೊನೆಗೂ ಒಂದು ಮಾರುಕಟ್ಟೆ ದೊರೆಯಿತು. ಗ್ರಾಹಕರು ಇ-ಮೇಲಿನಲ್ಲಿ ಕೇಳುವ ಪ್ರಶ್ನೆಗಳಿಗೆ ಟ್ಯಾಬಿತಾ ಅಜ್ಜಿಯ ಹೆಸರಿನಲ್ಲಿ ಉತ್ತರ ಬರೆಯುವುದು ನನ್ನ ಕೆಲಸ. ಉತ್ತರಿಸುವವರು ನೌಕರರು ಎಂಬುದನ್ನು ಹೊರಗೆ, ಮನೆಯಲ್ಲಿ ಕೂಡ, ಹೇಳಕೂಡದೆಂಬ ಕಾಗದಕ್ಕೆ ಸಹಿ ಹಾಕಿದೆ. ಮನೆಯಲ್ಲಿ 'ಲೇಬಲ್ ಚೆಕ್ ಮಾಡುವ ಕೆಲಸ' ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೊದಲ ತಿಂಗಳು ಅಟ್ಟದ ಪೆಟ್ಟಿಗೆಗಳ ಜೊತೆ ಕಳೆಯಿತು. ಅವುಗಳ ಉಸ್ತುವಾರಿ ಲೊರೇನ್ ಎಂಬ ನಿವೃತ್ತ ಶಾಲಾ ಗ್ರಂಥಪಾಲಕಿಯದು. ಕಚೇರಿಯಲ್ಲಿ ಮನೆಯಿಂದ ಮರದ ಕುರ್ಚಿ ತಂದು ಹಾಕಿಕೊಂಡಿದ್ದ ಏಕೈಕ ವ್ಯಕ್ತಿ ಆಕೆ. ಹಳೆಯ ಕಾಗದಗಳಲ್ಲಿ ಹೆಂಗಸರು ಗಂಡನಿಗೆ, ತಾಯಿಗೆ, ಡಾಕ್ಟರಿಗೆ ಹೇಳಲಾರದ್ದನ್ನೆಲ್ಲ ಬರೆದಿದ್ದರು. ಏಳನೆಯ ಹೆರಿಗೆಯಾದ ಮೇಲೆ ನಿಲ್ಲಲಾರದವಳು, ಮದುವೆಯಾಗಿ ಎರಡು ವರ್ಷವಾದರೂ ಗಂಡನ ಹತ್ತಿರ ಹೋಗಲು ಹೆದರುವವಳು, ಊರಿನ ಏಕೈಕ ವೈದ್ಯನು ಮಾವನ ಗೆಳೆಯನಾದ್ದರಿಂದ ಬಾಯಿ ಬಿಡಲಾರದವಳು. 'ಗಂಡಸರು ಯಾರೂ ನಿಮ್ಮ ಪತ್ರವನ್ನು ತೆರೆಯುವುದಿಲ್ಲ. ಟ್ಯಾಬಿತಾ ತಾವೇ ಓದುತ್ತಾರೆ' ಎಂದು ಜಾಹೀರಾತು ಭರವಸೆ ಕೊಟ್ಟಿತ್ತು.

"ಇದನ್ನು ನೋಡು," ಎಂದು ಲೊರೇನ್ ಒಂದು ಫೋಟೋ ತೋರಿಸಿದಳು. ಉದ್ದನೆಯ ಕೋಣೆ, ಸಾಲು ಮೇಜುಗಳು, ಗೋಡೆಗೆ ಪಾರಿವಾಳದ ಗೂಡಿನಂಥ ಖಾನೆಗಳು. ಪ್ರತಿ ಖಾನೆಯಲ್ಲೂ ಒಂದೊಂದು ಕಾಯಿಲೆಯ ಅಚ್ಚುಹಾಕಿದ ಉತ್ತರ. "ಇವರೇ ಟ್ಯಾಬಿತಾ. ಹದಿನಾರು ಜನ ಗುಮಾಸ್ತರು. ಆರು ಜನಕ್ಕೆ ಮೀಸೆ ಇದೆ."

"ಟ್ಯಾಬಿತಾ ಎಲ್ಲಿದ್ದಾರೆ?"

"ಫೋಟೋ ತೆಗೆಯುವ ಹೊತ್ತಿಗೆ ಸಮಾಧಿಯಲ್ಲಿದ್ದಳು. ಪಾಪ, ಆಮೇಲೂ ಆಕೆಗೆ ಬಿಡುವು ಸಿಗಲಿಲ್ಲ."

ನಮ್ಮ ಕಂಪನಿ ಈ ವಿಧಾನವನ್ನು ಆಧುನಿಕಗೊಳಿಸಿತು. ಖಾನೆಗಳ ಬದಲು ಕಂಪ್ಯೂಟರಿನಲ್ಲಿ ನಲವತ್ತು ಮಾದರಿ ಉತ್ತರಗಳು. ಓದಿ, ಸಂಖ್ಯೆ ಆರಿಸಿ, ಹೆಸರು ತುಂಬಿಸಿ, ಎರಡು ಸ್ವಂತ ವಾಕ್ಯ ಸೇರಿಸಿ ಕಳಿಸಬೇಕು. ಆ ಎರಡು ವಾಕ್ಯಗಳಿಗಾಗಿ ನನಗೆ ಸಂಬಳ. ನನ್ನ ಮೊದಲ ದೊಡ್ಡ ಪ್ರಮಾದ ಆದದ್ದು ಒಂಬತ್ತನೆಯ ಮಾದರಿಯಲ್ಲಿ. ಒಬ್ಬ ಹೆಂಗಸು, ತನ್ನ ಗಂಡನೇ ಟಾನಿಕ್ಕಿನ ಬಾಟಲಿಯನ್ನು ಎರಡು ದಿನಕ್ಕೊಂದರಂತೆ ಮುಗಿಸುತ್ತಿದ್ದಾನೆ, ಏನು ಮಾಡಲಿ ಎಂದು ಕೇಳಿದ್ದಳು. ನಾನು ಅವಸರದಲ್ಲಿ 'ನಿಮ್ಮ ಇಡೀ ಕುಟುಂಬಕ್ಕೆ ನಮ್ಮ ಟಾನಿಕ್ಕಿನಿಂದ ಪ್ರಯೋಜನವಾಗುತ್ತಿರುವುದು ಸಂತೋಷದ ಸಂಗತಿ' ಎಂಬ ಉತ್ತರ ಕಳಿಸಿದೆ. ತಪ್ಪು ತಿಳಿದಾಗ ಟಾಡ್ ಅವರ ಬಳಿ ಹೋಗಿ, ತಲೆ ತಗ್ಗಿಸಿ ನಿಂತೆ. ಅವರು ಆ ಮನೆಯ ಖರೀದಿಯ ದಾಖಲೆ ತೆರೆದು ನೋಡಿ, ಮುಖ ಅರಳಿಸಿ, ಅಂಥ ಉತ್ತರಗಳನ್ನು ಹೆಚ್ಚಾಗಿ ಬರೆಯುವಂತೆ ಸೂಚಿಸಿದರು.

ಅವರು ಒಪ್ಪದ ವಾಕ್ಯ ಒಂದೇ ಇತ್ತು: ಡಾಕ್ಟರನ್ನು ಕಾಣಿರಿ. ಆ ವಾಕ್ಯವನ್ನು ವಕೀಲರ ಸಲಹೆಯಂತೆ ಪ್ರತಿ ಉತ್ತರದ ತಳದಲ್ಲಿ, ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ ಹಾಕಲಾಗಿತ್ತು. ಪತ್ರದ ಒಳಗೆ ಅದನ್ನು ಬರೆಯಕೂಡದು. "ಅಜ್ಜಿಯ ಹತ್ತಿರ ಬಂದವರನ್ನು ಅಜ್ಜಿಯೇ ಬೇರೆ ಕಡೆ ಕಳಿಸಿದರೆ ಹೇಗೆ?" ಎನ್ನುತ್ತಿದ್ದರು ಟಾಡ್. ದಿನವೂ ಬೆಳಿಗ್ಗೆ ನಮ್ಮ ಉತ್ತರಗಳು ಅವರ ಪರದೆಯ ಮೂಲಕವೇ ಹೊರಗೆ ಹೋಗಬೇಕು. ಒಪ್ಪಿಗೆಯಾಗದ್ದು ಕೆಂಪು ಗುರುತಿನೊಂದಿಗೆ ಹಿಂತಿರುಗುತ್ತಿತ್ತು. ತಿಂಗಳಿಗೆ ಮೂರು ಕೆಂಪು ಗುರುತಾದರೆ 'ಮಾತುಕತೆ'. ಮಾತುಕತೆಗೆ ಹೋದವರು, ಮೇಜಿಗೆ ಮರಳುವುದಿಲ್ಲವೆಂದು ತಿಳಿದೇ, ತಮ್ಮ ಕಾಫಿ ಮಗ್ಗನ್ನೂ ಜೊತೆಗೆ ಒಯ್ಯುತ್ತಿದ್ದುದನ್ನು ನಾನು ಗಮನಿಸಿದ್ದೆ.

ಇಷ್ಟರಲ್ಲಿ ನನ್ನ ಯಜಮಾನರು ಮೆಹಬೂಬರ ಗುತ್ತಿಗೆ ಕೆಲಸ ಮುಗಿದು, ಅವರೂ ನಮ್ಮ ಎರಡು ವರ್ಷದ ಮಗಳು ಸಲ್ಮಾಳೂ ನನ್ನ ವೀಸಾದ ಆಶ್ರಯಕ್ಕೆ ಬಂದರು. ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ನಾವು ಉಳಿಯುವುದು ನನ್ನ ನೌಕರಿಯ ಮೇಲೆ ನಿಂತಿತ್ತು. ಮಗುವನ್ನು ನೋಡಿಕೊಳ್ಳಲು ಅತ್ತೆ ದಾವಲಬಿ ಗದಗಿನಿಂದ ಬಂದರು. ವಿಧವೆ, ಅರವತ್ತೊಂದು ವರ್ಷ. ಅಕ್ಷರ ಬಾರದಿದ್ದರೂ ಜಗತ್ತನ್ನು ಅಂದಾಜು ಮಾಡುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

ಕಂಪನಿ ಪ್ರತಿ ನೌಕರರಿಗೂ ಒಂದು ಪೆಟ್ಟಿಗೆ ಟಾನಿಕ್ ಉಚಿತವಾಗಿ ಕೊಟ್ಟಿತ್ತು. ನಾನು ಅದನ್ನು ಕೋಟು ತೂಗುಹಾಕುವ ಕಪಾಟಿನ ಮೂಲೆಗೆ ತಳ್ಳಿದ್ದೆ. ಕಂಬಳಿ ಹುಡುಕುತ್ತಿದ್ದ ಅತ್ತೆಗೆ ಅದು ಸಿಕ್ಕಿತು. ಒಂದು ಬಾಟಲಿ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ರಜಿಯಾ, ಇಕಿ ಯಾರವಾ?"

"ಅದು ಆಫೀಸಿನ ಸಾಮಾನ್ರೀ, ಅತ್ತಿ. ಹೆಂಗಸರ ಶಕ್ತಿಗೆ ಕುಡಿಯೋ ಔಷಧ."

"ಮುಖ ನೋಡು, ಎಷ್ಟು ಗಂಭೀರ ಅದಾಳ. ತಲಿ ಮ್ಯಾಲೆ ಬಟ್ಟಿ ಹೊದ್ದಾಳ. ನಿಮ್ಮ ಅಮೇರಿಕಾದಾಗ ತಲಿ ಮುಚ್ಚಿಕೊಂಡಾಕೀನ್ನ ಇವತ್ತ ನೋಡಿದೆ. ಒಳ್ಳೆ ಮನಿತನದಾಕಿ ಇರಬೇಕು."

"ಅದು ನಮಗಲ್ರೀ. ಅಲ್ಲೇ ಇಡ್ರಿ."

ಯಾಕೆ ನಮಗಲ್ಲ ಎಂಬುದನ್ನು ನಾನು ಹೇಳಲಿಲ್ಲ. ಐದು ಹೊತ್ತು ನಮಾಜು ಮಾಡುವ ಅತ್ತೆಯ ಮುಂದೆ, ನಾನು ದುಡಿಯುವುದು ಸೆರೆ ಬೆರೆಸಿದ ಬಾಟಲಿಯ ಕಂಪನಿಯಲ್ಲಿ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಓದಿದ ಸೊಸೆಯ ಮರ್ಯಾದೆ ಉಳಿಯಿತು. ಬಾಟಲಿ ಕಪಾಟಿಗೆ ಹೋಯಿತು ಎಂದುಕೊಂಡೆ.

ಕೆಲವು ವಾರಗಳ ನಂತರ ಕಚೇರಿಗೆ ಒಂದು ಇ-ಮೇಲ್ ಬಂತು. ಅದರ ಇಂಗ್ಲಿಷ್ ನೋಡಿ ಎದ್ದುನಿಂತು ನಮಸ್ಕರಿಸಬೇಕೆನಿಸಿತು. ಒಂದೇ ಒಂದು ಅಲ್ಪವಿರಾಮ ತಪ್ಪಿರಲಿಲ್ಲ. 'ಪೂಜ್ಯ ತಾಯಿಯವರ ಸನ್ನಿಧಾನಕ್ಕೆ, ಫ್ರೀಮಾಂಟ್ ನಿವಾಸಿಯಾದ ಅರವತ್ತೊಂದು ವರ್ಷದ ವಿಧವೆಯೊಬ್ಬಳ ಅರಿಕೆ. ನನಗೆ ಮುಟ್ಟು ನಿಂತು ಹನ್ನೊಂದು ವರ್ಷಗಳಾದವು. ನಾಲ್ಕು ತಿಂಗಳಿಂದ ಪುನಃ ರಕ್ತ ಕಾಣಿಸುತ್ತಿದೆ. ನಾನು ಮಗನ ಮನೆಯಲ್ಲಿದ್ದೇನೆ. ಸೊಸೆ ವಿದ್ಯಾವಂತೆ, ದೊಡ್ಡ ಕಚೇರಿಯಲ್ಲಿ ಬಹಳ ಕೆಲಸವಿರುವವಳು. ಅವಳಿಗೆ ತೊಂದರೆ ಕೊಡುವ ಇಚ್ಛೆಯಿಲ್ಲ. ತಮ್ಮ ಔಷಧದ ಎರಡು ಬಾಟಲಿ ಮುಗಿಸಿದ್ದೇನೆ. ಮುಂದುವರಿಸಬಹುದೇ?'

ಓದುಗರು ಈಗಾಗಲೇ ಊಹಿಸಿರುತ್ತಾರೆ. ನಾನು ಊಹಿಸಲಿಲ್ಲ. ಅತ್ತೆಗೆ ಅಕ್ಷರ ಬಾರದು, ಅವರಿಗೆ ಇ-ಮೇಲ್ ಎಂದರೆ ಏನೆಂದೇ ತಿಳಿಯದು ಎಂಬುದು ನನ್ನ ಖಚಿತ ಜ್ಞಾನವಾಗಿತ್ತು. ಫ್ರೀಮಾಂಟಿನಲ್ಲಿ ಎಷ್ಟು ಸಾವಿರ ಅತ್ತೆಯಂದಿರಿಲ್ಲ? ಅತ್ತೆಯ ಸಂಕಟ ಕಣ್ಣಿಗೆ ಬೀಳದ ಈ ಸೊಸೆ ಎಂಥವಳೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆದರೆ ಔಷಧ ವಿಜ್ಞಾನ ಓದಿದ್ದ ನನಗೆ ರೋಗಲಕ್ಷಣ ಅರ್ಥವಾಗಿತ್ತು. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಾಣಿಸಿದರೆ ಕಾಯುವಂತಿಲ್ಲ. ಗರ್ಭಕೋಶದಲ್ಲಿ ಕ್ಯಾನ್ಸರ್ ಇದೆಯೇ ಎಂದು ಪರೀಕ್ಷೆ ಮಾಡಿಸಲೇಬೇಕು. ನನ್ನ ಎರಡು ಸ್ವಂತ ವಾಕ್ಯಗಳನ್ನು ಹೀಗೆ ಬರೆದೆ: 'ತಡಮಾಡದೆ ಡಾಕ್ಟರನ್ನು ಕಾಣಿರಿ. ಸೊಸೆಗೆ ಇವತ್ತೇ ತಿಳಿಸಿರಿ.'

ಮರುದಿನ ಅದು ಕೆಂಪು ಗುರುತಿನೊಂದಿಗೆ ಹಿಂತಿರುಗಿತು. ಟಾಡ್ ನನ್ನ ಮೇಜಿಗೇ ಬಂದರು.

"ಡಾಕ್ಟರ್ ಸಾಲು ಕೆಳಗೆ ಇದೆಯಲ್ಲ, ರಜಿಯಾ."

"ಅದು ಕಣ್ಣಿಗೆ ಕಾಣುವುದಿಲ್ಲ ಸರ್. ಈ ಹೆಂಗಸಿಗೆ ಗಂಭೀರ ಕಾಯಿಲೆ ಇರಬಹುದು."

"ಇರಬಹುದು, ಇಲ್ಲದಿರಬಹುದು. ನೀನು ಡಾಕ್ಟರೇ?"

"ಅಲ್ಲ."

"ನಾನೂ ಅಲ್ಲ. ಹಾಗಾದರೆ ಗೊತ್ತಿಲ್ಲದ ವಿಷಯದಲ್ಲಿ ಯಾಕೆ ಹೆದರಿಸಬೇಕು? ಹದಿನೇಳನೇ ಮಾದರಿ ಕಳಿಸು." ಹೊರಡುವಾಗ, ಬಹಳ ಮೃದುವಾಗಿ, "ಈ ತಿಂಗಳು ಇದು ನಿನಗೆ ಎರಡನೆಯದು, ಅಲ್ಲವೇ?" ಎಂದರು.

ನಾನು ಆ ಎರಡು ವಾಕ್ಯಗಳನ್ನು ಅಳಿಸಿದೆ. ಅಳಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹದಿನೇಳನೆಯ ಮಾದರಿ ಹೀಗಿತ್ತು: 'ಪ್ರಿಯ ಮಗಳೇ, ಪ್ರಕೃತಿ ತನ್ನ ಮನೆಯನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಧೈರ್ಯವಾಗಿರು. ಇನ್ನೂ ಮೂರು ಬಾಟಲಿಗಳನ್ನು ಶ್ರದ್ಧೆಯಿಂದ ಮುಗಿಸು.' ಕೊನೆಗೆ, ಪತ್ರ ಬರೆದವರ ಭಾಷೆಗೆ ತಕ್ಕ ಗೌರವವಿರಲೆಂದು, 'ತಮ್ಮ ಪತ್ರದ ಶೈಲಿ ನನ್ನ ಹೃದಯವನ್ನು ತುಂಬಿತು' ಎಂದು ಸೇರಿಸಿದೆ. ಅದಕ್ಕೆ ಕೆಂಪು ಗುರುತು ಬರಲಿಲ್ಲ.

ಎರಡು ವಾರ ಕಳೆದು ಒಂದು ಶನಿವಾರ ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮೆಹಬೂಬರು ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಎರಡು ಬಾಗಿಲು ಆಚೆಯ ಮನೆಯ ಜಯಲಕ್ಷ್ಮಮ್ಮನವರು ಕೊತ್ತಂಬರಿ ಕೇಳಲು ಬಂದರು. ಮಂಡ್ಯದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾಗಿ, ಮಗಳ ಮನೆಯಲ್ಲಿದ್ದವರು. ಅತ್ತೆಯವರ ಸಂಜೆಯ ನಡಿಗೆಯ ಸಂಗಾತಿ.

"ಏನು ದಾವಲಮ್ಮ, ಬಾಟ್ಲಿ ಮುಗೀತಾ? ಇನ್ನೊಂದು ಸಲ ಬರೀಬೇಕಾ ಆಯಮ್ಮಂಗೆ?" ಎಂದರು.

ಅತ್ತೆ ಕಣ್ಣಲ್ಲೇ ಗದರಿಸಿದರು. ಜಯಲಕ್ಷ್ಮಮ್ಮ ನನ್ನ ಕಡೆ ತಿರುಗಿದರು. ಆಮೇಲೆ, ಮೇಷ್ಟ್ರುಗಳಿಗೆ ಸುಳ್ಳು ಕಷ್ಟವಾದ್ದರಿಂದ, "ಅಲ್ಲಾ ರಜಿಯಾ, ಲೈಬ್ರರಿ ಕಂಪ್ಯೂಟ್ರಲ್ಲಿ ಒಂದು ಲೆಟರ್ ಬರ್ಕೊಟ್ಟೆ ಅಷ್ಟೇ. ಎಂಥಾ ಒಳ್ಳೇ ರಿಪ್ಲೈ ಬಂತು ಗೊತ್ತಾ? ಈಗಿನ ಕಾಲ್ದಲ್ಲೂ ಅಂಥ ಇಂಗ್ಲಿಷ್ ಬರಿಯೋರು ಇದಾರಲ್ಲ ಅಂತ ನಂಗೇ ಆಶ್ಚರ್ಯ ಆಯ್ತು" ಎಂದರು.

ನನ್ನ ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪನ್ನು ಅವರೇ ಬಿಡಿಸಿಕೊಂಡು ಹೋದರು.

ಅತ್ತೆ ಹಿಟ್ಟಿನ ಕೈಯನ್ನು ಒರಸಿಕೊಂಡು, ಎಲೆಅಡಿಕೆಯ ಸಂಚಿಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. "ಗೊತ್ತಾದ ಮ್ಯಾಲೆ ಮುಚ್ಚಿಡೋದು ಏನೈತಿ. ಓದು. ಆಕಿ ಎಷ್ಟು ಚಂದ ಬರದಾಳ ನೋಡು. ಮಗಳೇ ಅಂತಾಳ ನನಗ."

ಓದುವ ಅಗತ್ಯವಿರಲಿಲ್ಲ. ತಳದಲ್ಲಿದ್ದ ಬೂದು ಬಣ್ಣದ ಸಾಲು ಮುದ್ರಣದಲ್ಲಿ ಮೂಡಿಯೇ ಇರಲಿಲ್ಲ.

"ಅತ್ತಿ, ಎಷ್ಟು ಬಾಟಲಿ ಆದೂವ್ರೀ?"

"ಮೂರು ಮುಗಿಸೀನಿ. ಇನ್ನ ಎರಡು ಕುಡಿ ಅಂದಾಳ."

"ರಕ್ತ ನಿಂತೈತೇನ್ರೀ?"

ಅವರು ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು. "ಹೆಚ್ಚಾಗೈತಿ. ಒಳಗಿನದು ಹೊರಗ ಬರ್ತೈತಿ ಅಂತ ಆಕಿನ ಹೇಳ್ಯಾಳಲ್ಲ."

"ಆಕಿ ಹೇಳಿಲ್ರೀ, ಅತ್ತಿ. ಆಕಿ ಸತ್ತು ನೂರು ವರ್ಷದ ಮ್ಯಾಲಾತು. ಅದನ್ನ ಬರದಾಕಿ ನಾನು."

ಅತ್ತೆ ಸ್ಟವ್ ಆರಿಸಿದರು. ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನೂ ಕೂತೆ. ಹೆಸರು ತುಂಬಿಸುವ ಮಾದರಿಗಳು, ಅಳಿಸಿದ ಎರಡು ವಾಕ್ಯಗಳು, ಟಾಡ್, ವೀಸಾ, ಎಲ್ಲವನ್ನೂ ಹೇಳಿದೆ.

"ಅಂದರ ನಿನಗ ಗೊತ್ತಿತ್ತು," ಎಂದರು ಕೊನೆಗೆ.

"ನೀವು ಅಂತ ಗೊತ್ತಿರಲಿಲ್ರೀ."

"ನಾ ಅಲ್ಲದಿದ್ದರ ನಡೀತಿತ್ತೇನು?"

ನಾನು ಆ ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದೆ.

ಆಮೇಲೆ ಅತ್ತೆ, "ಅದರಾಗ ಏನ ಹಾಕ್ಯಾರ? ಖರೆ ಹೇಳು" ಎಂದರು. ಸೆರೆಯ ವಿಷಯವನ್ನೂ ಹೇಳಿದೆ.

"ಅದಕ್ಕ ಮೈ ಅಷ್ಟು ಹಗರ ಆಗ್ತಿತ್ತು," ಎಂದು ತಲೆಯಾಡಿಸಿದರು. ಎದ್ದು ಸಿಂಕಿನಲ್ಲಿ ಬಾಯಿ ಮುಕ್ಕಳಿಸಿದರು, ಮೂರು ಸಲ. "ಅಲ್ಲಾಹನ ಮುಂದ ತಪ್ಪೊಪ್ಕೊಂಡು ತೋಬಾ ನಾ ಮಾಡಿಕೊಳ್ತೀನಿ. ನಿಂದು ನೀ ನೋಡಿಕೋ. ಈಗ ಡಾಕ್ಟರ ಕಡೆ ಹೋಗೋದು ಹ್ಯಾಂಗ, ಅದನ್ನ ಹೇಳು."

ಸೋಮವಾರ ಕೌಂಟಿ ಆಸ್ಪತ್ರೆಗೆ ಹೋದೆವು. ನಾಲ್ಕು ತಿಂಗಳಿನಿಂದ ಏನು ಮಾಡುತ್ತಿದ್ದಿರಿ ಎಂದು ವೈದ್ಯೆ ಕೇಳಿದರು. ನಾನು ಬಾಟಲಿಯನ್ನು ತೋರಿಸಿದೆ. ಆಕೆ ಚೀಟಿಯನ್ನು ಹಿಂದುಮುಂದು ನೋಡಿ, "ಇದು ಕಾಯಿಲೆ ತಂದಿಲ್ಲ. ದಿನಗಳನ್ನು ಮಾತ್ರ ತಿಂದಿದೆ" ಎಂದು ಮೇಜಿನ ಮೇಲೆ ಇಟ್ಟರು. ಗರ್ಭಕೋಶದ ಒಳಪೊರೆಯ ಚೂರನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಒಂದು ವಾರ ಕಾಯಬೇಕಿತ್ತು.

ಆ ವಾರ ಕಚೇರಿಯಲ್ಲಿ ನಾನು ಹೊಸ ಪತ್ರಗಳಿಗೆ ಉತ್ತರ ಬರೆಯಲಿಲ್ಲ. ಅಲ್ಲಿಯವರೆಗೆ ಕಳಿಸಿದ್ದ ಉತ್ತರಗಳನ್ನೆಲ್ಲ ತೆರೆದು ಓದಿದೆ. ಹದಿನೇಳನೆಯ ಮಾದರಿಯನ್ನು ಪಡೆದವರಲ್ಲಿ, ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದೆ ಎಂದವರು ಅತ್ತೆಯನ್ನು ಬಿಟ್ಟು ಎಂಟು ಜನ. ಲೊರೇನ್‌ಗೆ ಹೇಳಿದೆ. ಆಕೆ ತನ್ನ ಮರದ ಕುರ್ಚಿಯನ್ನು ನನ್ನ ಮೇಜಿನ ಹತ್ತಿರ ತಂದು ಹಾಕಿ, "ಇದರ ಮೇಲೆ ಕೂತು ಬರೆ. ಅಲ್ಲಾಡುವ ಚೆಂಡಿನ ಮೇಲೆ ಕೂತು ಬರೆಯುವ ಪತ್ರವಲ್ಲ ಅದು" ಎಂದಳು.

ಬರೆದದ್ದು ಇಷ್ಟು: 'ನಿಮಗೆ ಬಂದ ಹಿಂದಿನ ಉತ್ತರ ತಪ್ಪು. ಟ್ಯಾಬಿತಾ ತೀರಿಕೊಂಡು ಬಹಳ ಕಾಲವಾಯಿತು. ಆ ಉತ್ತರವನ್ನು ಬರೆದವಳು ನಾನು, ಇಲ್ಲಿನ ನೌಕರಳು. ಟಾನಿಕ್ ನಿಲ್ಲಿಸಿ, ಈ ವಾರವೇ ಡಾಕ್ಟರನ್ನು ಕಾಣಿರಿ. ಇದು ಕ್ಯಾನ್ಸರ್ ಆಗಿರಬಹುದು. ಬೇಗ ಹೋದರೆ ಗುಣವಾಗಬಹುದು.' ವಿನಯಪೂರ್ವಕ ಅರಿಕೆಗಳನ್ನು ಹಾಕಲಿಲ್ಲ. ಕಂಪನಿಯ ಅಂಚೆಯಿಂದಲ್ಲದೆ, ನನ್ನ ಸ್ವಂತ ಇ-ಮೇಲಿನಿಂದ, ನನ್ನ ಹೆಸರಿನಲ್ಲಿ ಎಂಟು ಸಲ ಕಳಿಸಿದೆ.

ಅವರಲ್ಲಿ ಒಬ್ಬಳು ಕಂಪನಿಗೆ ಧನ್ಯವಾದ ಬರೆದದ್ದರಿಂದ ವಿಷಯ ಟಾಡ್ ಅವರಿಗೆ ತಿಳಿಯಿತು. ಮಾತುಕತೆಗೆ ಕರೆ ಬಂತು. ನಾನು ಮಗ್ಗನ್ನು ಚೀಲಕ್ಕೆ ಹಾಕಿಕೊಂಡೇ ಹೋದೆ.

"ನೀನು ಏನು ಮಾಡಿದ್ದೀಯ ಎಂದು ಗೊತ್ತಿದೆಯೇ? ನೀನು ಟ್ಯಾಬಿತಾಳನ್ನು ಕೊಂದೆ."

"ನಾನಲ್ಲ ಸರ್. ಅವರು ಮೊದಲೇ ತೀರಿಕೊಂಡಿದ್ದರು."

ಎರಡು ವಾರದ ನೋಟಿಸು ಕೊಟ್ಟರು. ನಂಬಿಕೆಗೆ ಭಂಗ ತಂದ ಕಾರಣ ಎಂದು ಅದರಲ್ಲಿ ಬರೆದಿತ್ತು. ನಂಬಿಕೆಯ ಉಪಾಧ್ಯಕ್ಷರೇ ಸಹಿ ಹಾಕಿದ್ದರಿಂದ ವಾದಿಸಲು ಅವಕಾಶವಿರಲಿಲ್ಲ. ಆದರೆ ಆ ಎರಡು ವಾರ ಮುಗಿಯುವ ಮೊದಲೇ ಹೂಡಿಕೆದಾರರು ಕೈ ಎತ್ತಿ, ಇಡೀ ಕಂಪನಿ ಮುಚ್ಚಿಹೋಯಿತು. ಟಾಡ್ ಅವರೂ ನಾನೂ ಒಂದೇ ದಿನ ಪೆಟ್ಟಿಗೆ ಹೊತ್ತುಕೊಂಡು ಪಾರ್ಕಿಂಗ್ ಲಾಟಿಗೆ ಇಳಿದೆವು. ಅವರು ಚೆಂಡನ್ನೂ ಒಯ್ದರು.

ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಖಾನೆಗಳು ಹೋಗಿ ಮಾದರಿಗಳು ಬಂದವು; ಮಾದರಿಗಳು ಹೋಗಿ ಈಗ ಯಂತ್ರವೇ ಬರೆಯುತ್ತದಂತೆ. ಅಜ್ಜಿಯ ಚಿತ್ರ ಇನ್ನಷ್ಟು ಸುಂದರವಾಗಿರುತ್ತದೆ. ಪತ್ರ ಬರೆಯುವ ಹೆಂಗಸು ಮಾತ್ರ ಅವಳೇ. ಅವಳು ಕೇಳುವ ಮೊದಲು ಮನೆಯಲ್ಲಿ ಯಾರಿಗೂ ಹೇಳಿರುವುದಿಲ್ಲ. ನಿಮ್ಮ ಉತ್ತರದಲ್ಲಿ ಡಾಕ್ಟರ್ ಎಂಬ ಸಾಲು ಯಾವ ಬಣ್ಣದಲ್ಲಿದೆ ಎಂದು ಸೇರಿದ ದಿನವೇ ನೋಡಿಕೊಳ್ಳಿ. ಕಾಣಿಸದಿದ್ದರೆ ಕೇಳಿ. ಕೇಳಿದ್ದಕ್ಕೆ ಕೆಂಪು ಗುರುತು ಬಂದರೆ, ಅಳಿಸುವ ಮೊದಲು ಒಂದು ದಿನ ಕಾಯಿರಿ. ನಾನು ಕಾಯಲಿಲ್ಲ.

ಆ ಎಂಟು ಜನರಲ್ಲಿ ಇಬ್ಬರು ಡಾಕ್ಟರ ಬಳಿ ಹೋದುದಾಗಿ ತಿಳಿಸಿದರು. ಉಳಿದ ಆರು ಜನ ಏನಾದರು ಎಂಬುದು ನನಗೆ ಇಂದಿಗೂ ತಿಳಿಯದು.

ಇನ್ನು ನಮ್ಮ ಕುಟುಂಬದ ವಿಷಯ. ಅತ್ತೆಗೆ ಇದ್ದದ್ದು ಕ್ಯಾನ್ಸರೇ; ಆದರೆ ಗರ್ಭಕೋಶವನ್ನು ದಾಟಿರಲಿಲ್ಲ. ಶಸ್ತ್ರಕ್ರಿಯೆ ಮಾಡಿ ಗರ್ಭಕೋಶ ತೆಗೆದರು. ಮೆಹಬೂಬರಿಗೆ ಪ್ಲೆಸೆಂಟನ್‌ನಲ್ಲಿ ಕೆಲಸ ದೊರೆತು, ಅವರ ವೀಸಾದ ಮೇಲೆ ನಾವು ಉಳಿದುಕೊಂಡೆವು. ನನಗೆ ಕೆಲವು ವರ್ಷ ದುಡಿಯುವ ಅನುಮತಿಯಿರಲಿಲ್ಲ. ಆ ಅವಧಿಯಲ್ಲಿ ಓದಿ, ಇಲ್ಲಿನ ಪರೀಕ್ಷೆ ಪಾಸಾಗಿ, ಫಾರ್ಮಸಿಯ ಕೌಂಟರಿನ ಹಿಂದೆ ನಿಂತೆ. ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ಅತ್ತೆ ಮತ್ತೆ ಹದಿನಾಲ್ಕು ವರ್ಷ ಬದುಕಿದರು. ಮೊದಲು ನಮ್ಮ ಮನೆಯಲ್ಲಿ ಹೆಂಗಸರ ದೇಹದ ಮಾತನ್ನು ಬಾಗಿಲು ಹಾಕಿಕೊಂಡೂ ಆಡುತ್ತಿರಲಿಲ್ಲ. ಆ ವರ್ಷದಿಂದ ಅತ್ತೆ ಅದನ್ನು ಊಟಕ್ಕೆ ಕೂತಾಗ, ಮಗನ ಎದುರಿಗೇ ಕೇಳತೊಡಗಿದರು. ಸಲ್ಮಾ ದೊಡ್ಡವಳಾದ ಮೇಲೆ, "ಅಜ್ಜೀ, ನಾಟ್ ಅಟ್ ಡಿನ್ನರ್" ಎನ್ನುತ್ತಿದ್ದಳು, ಅಜ್ಜಿ ಬಿಡುತ್ತಿರಲಿಲ್ಲ. ಗದಗಿನಲ್ಲಿದ್ದ ನನ್ನ ನಾದಿನಿ ನೂರಜಹಾನ್ ಒಮ್ಮೆ ಫೋನಿನಲ್ಲಿ, ಎದೆಯಲ್ಲಿ ಏನೋ ಗಂಟಿನಂತೆ ಹತ್ತುತ್ತದೆ, ಬೇಸಿಗೆ ಕಳೆಯಲಿ ನೋಡೋಣ ಎಂದಳು. ಅತ್ತೆ ಫೋನ್ ಇಡಲು ಬಿಡದೆ, ಅವಳ ಗಂಡನನ್ನು ಕರೆಸಿ, ಆ ದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಲು ಹೇಳಿದರು. ನೂರಜಹಾನ್ ಹೋದಳು. ಈಗ ಆಕೆಗೆ ಮೂವರು ಮೊಮ್ಮಕ್ಕಳು.